ಮೊದಲ ರೂಪಾಯಿ ಕಣ್ಣಿಗೆ, ಕೊನೆಯದು ಫ್ರೇಮಿಗೆ

ಮನೆ ಖರ್ಚಿನ ಪುಸ್ತಕದಲ್ಲಿ ಹಾಲು, ಕರೆಂಟು, ಶಾಲೆ ಫೀಸು, ವಿಮೆಯ ಕಂತು ಎಲ್ಲಕ್ಕೂ ಜಾಗವಿರುತ್ತದೆ. ಕನ್ನಡಕಕ್ಕೆ ಮಾತ್ರ ಇರುವುದಿಲ್ಲ. ಕಡ್ಡಿ ಮುರಿದಾಗಲೋ, ಚಾಳೀಸು ಬಂದು ಪೇಪರನ್ನು ಕೈಯುದ್ದ ದೂರ ಹಿಡಿಯಬೇಕಾದಾಗಲೋ ಅದು ದಿಢೀರನೆ ಎದುರಾಗುತ್ತದೆ. ಹಾಗೆ ಅವಸರದಲ್ಲಿ ಅಂಗಡಿಗೆ ಹೋದವರು ಮೊದಲು ಕನ್ನಡಿ ಮುಂದೆ ನಿಂತು ಫ್ರೇಮ್ ಆರಿಸುತ್ತಾರೆ, ಆಮೇಲೆ ಲೆನ್ಸಿನ ಬೆಲೆ ಕೇಳುತ್ತಾರೆ, ತಪಾಸಣೆಗೆ ಐದು ನಿಮಿಷ ಸಾಕು ಅನ್ನುತ್ತಾರೆ. ಬ್ಯಾಂಕಿನಲ್ಲಿ ಕೂತು ವರ್ಷಗಟ್ಟಲೆ ಅಂಕಿ ನೋಡಿದವಳಾಗಿ ನನ್ನ ಸಲಹೆ ಇದರ ತಿರುಗುಮುರುಗು. ಮೊದಲು ತಪಾಸಣೆಗೆ ಖರ್ಚು ಮಾಡಿ, ಆಮೇಲೆ ಲೆನ್ಸಿಗೆ. ಉಳಿದದ್ದು ಫ್ರೇಮಿಗೆ.

ಇದನ್ನು ನನಗೆ ಮನದಟ್ಟು ಮಾಡಿಸಿದ್ದು ಶಿವಮೊಗ್ಗದ ಗಾಂಧಿ ಬಜಾರಿನ ಹತ್ತಿರ ನಮ್ಮ ಮನೆಯವರೆಲ್ಲ ಹೋಗುವ ಕನ್ನಡಕದ ಅಂಗಡಿ. ಅಮ್ಮನಿಗೆ ಎಪ್ಪತ್ತು ದಾಟಿದೆ, ಸಕ್ಕರೆ ಕಾಯಿಲೆಯೂ ಇದೆ. ಟಿವಿ ಮಂಜಾಗಿ ಕಾಣುತ್ತಿದೆ, ನಂಬರ್ ಬದಲಾಗಿರಬೇಕು ಅಂದಳು. ಅಂಗಡಿಯ ಆಪ್ಟೋಮೆಟ್ರಿಸ್ಟ್ ಯಂತ್ರದಲ್ಲಿ ನೋಡಿ, ಅಕ್ಷರಗಳನ್ನು ಓದಿಸಿ, ಹಳೆಯ ಚೀಟಿಯನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸಿದರು. ವ್ಯತ್ಯಾಸ ದೊಡ್ಡದಿತ್ತು. "ಅಮ್ಮಾ, ಶುಗರ್ ಯಾವಾಗ ನೋಡಿಸಿದ್ರಿ?" ಎಂದು ಕೇಳಿದರು. ಅಮ್ಮ ಸುಮ್ಮನಾದಳು. ಅವರು ನನ್ನ ಕಡೆ ತಿರುಗಿ, "ಮೇಡಂ, ಇವತ್ತು ಕನ್ನಡಕ ಬೇಡ. ಶುಗರ್ ಹತೋಟಿಗೆ ಬರಲಿ, ಆಮೇಲೆ ಇನ್ನೊಂದ್ಸಲ ನೋಡೋಣ. ಅಷ್ಟರೊಳಗೆ ಕಣ್ಣಿನ ಡಾಕ್ಟರ ಹತ್ರ ರೆಟಿನಾ ತೋರಿಸಿಬಿಡಿ" ಅಂದರು.

ಕೈಗೆ ಬಂದ ವ್ಯಾಪಾರವನ್ನು ಅವರು ಬಿಟ್ಟುಕೊಟ್ಟಿದ್ದಕ್ಕೆ ಕಾರಣವಿತ್ತು. ರಕ್ತದಲ್ಲಿ ಸಕ್ಕರೆ ಏರಿಳಿದಾಗ ಕಣ್ಣೊಳಗಿನ ಮಸೂರದ ನೀರಿನಂಶ ಬದಲಾಗಿ ನಂಬರ್ ತಾತ್ಕಾಲಿಕವಾಗಿ ಆಚೀಚೆ ಆಗುತ್ತದೆ. ಅವತ್ತಿನ ಅಳತೆಗೆ ಕನ್ನಡಕ ಮಾಡಿಸಿದ್ದರೆ, ಔಷಧ ಸರಿಹೋದ ಮೇಲೆ ಅದು ಪೆಟ್ಟಿಗೆ ಸೇರುತ್ತಿತ್ತು. ಸಕ್ಕರೆ ಹತೋಟಿಗೆ ಬಂದ ಮೇಲೆ ನೋಡಿದರೆ ಅಮ್ಮನ ನಂಬರ್ ಹಳೆಯದಕ್ಕೆ ತೀರಾ ಹತ್ತಿರ ಇತ್ತು. ಅಂಗಡಿಯವರ ಆ ಒಂದು ಮಾತು ನಮಗೆ ಒಂದು ಕನ್ನಡಕದ ಹಣ ಉಳಿಸಿತು, ರೆಟಿನಾ ಪರೀಕ್ಷೆಯನ್ನೂ ಮಾಡಿಸಿತು.

ಅಂಗಡಿಯಲ್ಲಿ ಮುಖ್ಯವಾಗಿ ಅಳೆಯುವುದು ನಂಬರನ್ನು. ಕಣ್ಣಿನ ಒಳಗನ್ನು ಪೂರ್ತಿ ಪರೀಕ್ಷಿಸುವವರು ನೇತ್ರವೈದ್ಯರು. ಗ್ಲಾಕೋಮಾದಲ್ಲಿ ಮೊದಮೊದಲು ನೋವೂ ಇರುವುದಿಲ್ಲ, ಸುಳಿವೂ ಸಿಗುವುದಿಲ್ಲ. ಹೋದ ದೃಷ್ಟಿ ಮರಳಿ ಬರುವುದಿಲ್ಲ. ಅದಕ್ಕೇ ನಲವತ್ತು ದಾಟಿದವರು ಆಗಾಗ ಕಣ್ಣಿನ ಒತ್ತಡ ಮತ್ತು ನರ ನೋಡಿಸಬೇಕು. ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ರೆಟಿನಾ ಪರೀಕ್ಷೆ ಮಾಡಿಸಬೇಕು. ನಮ್ಮಲ್ಲಿ ಮೆಗ್ಗಾನ್ ಆಸ್ಪತ್ರೆ ಇದೆ, ಬೆಂಗಳೂರಿನವರಿಗೆ 1896ರಿಂದ ನಡೆದುಬಂದಿರುವ ಮಿಂಟೊ ಕಣ್ಣಾಸ್ಪತ್ರೆ ಇದೆ. ಖಾಸಗಿಯಲ್ಲಿ ತೋರಿಸಿದರೂ ಈ ತಪಾಸಣೆಗೆ ಆಗುವ ಹಣ ಒಂದು ಒಳ್ಳೆ ಫ್ರೇಮಿಗಿಂತ ಸಾಮಾನ್ಯವಾಗಿ ಕಡಿಮೆಯೇ.

ಇನ್ನು ಲೆನ್ಸು. ಹಣ ಕೈಜಾರುವುದು ಹೆಚ್ಚಾಗಿ ಇಲ್ಲಿ, ಏಕೆಂದರೆ ಇಲ್ಲಿ ಹೆಸರುಗಳು ಜಾಸ್ತಿ. ನಂಬರ್ ಎರಡರೊಳಗೆ ಇದ್ದರೆ ಸಾಧಾರಣ ಪ್ಲಾಸ್ಟಿಕ್ ಲೆನ್ಸ್ ಸಾಕು. 1.67, 1.74 ಎಂದು ಕರೆಯುವ ತೆಳು ಲೆನ್ಸಿನ ಹೆಚ್ಚಿನ ಬೆಲೆ ಸಾರ್ಥಕವಾಗುವುದು ನಂಬರ್ ನಾಲ್ಕೈದು ದಾಟಿದವರಿಗೆ. ಅವರು ಕೂಡ ಚಿಕ್ಕ ಫ್ರೇಮ್ ಆರಿಸಿದರೆ ಲೆನ್ಸಿನ ದಪ್ಪ ಪುಕ್ಕಟೆಯಾಗಿ ತಗ್ಗುತ್ತದೆ. ಮಕ್ಕಳಿಗೆ ಪಾಲಿಕಾರ್ಬೊನೇಟ್ ಕೊಡಿಸಿ. ಪೆಟ್ಟು ಬಿದ್ದರೂ ಸುಲಭಕ್ಕೆ ಚೂರಾಗದು. ಪ್ರತಿಫಲನ ತಡೆಯುವ ಲೇಪನಕ್ಕೆ ನಾನು ಹಣ ಕೊಡುತ್ತೇನೆ, ರಾತ್ರಿ ಸ್ಕೂಟರ್ ಓಡಿಸುವಾಗ ಎದುರಿನ ದೀಪದ ಬೆಳಕು ಒಡೆದು ಕಾಣುವುದಿಲ್ಲ. 'ಬ್ಲೂ ಕಟ್' ಲೆನ್ಸಿಗೆ ಮಾತ್ರ ಕೊಡುವುದಿಲ್ಲ. 2023ರಲ್ಲಿ ಕಾಕ್ರೇನ್ ಸಂಸ್ಥೆ 17 ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದಾಗ, ಕಂಪ್ಯೂಟರ್ ನೋಡಿ ಕಣ್ಣು ದಣಿಯುವುದನ್ನು ಅಂಥ ಲೆನ್ಸ್ ಸಾಮಾನ್ಯ ಲೆನ್ಸಿಗಿಂತ ಹೆಚ್ಚಾಗಿ ತಗ್ಗಿಸುವಂತೆ ಕಾಣಲಿಲ್ಲ. ಆಗಾಗ ತೆರೆಯಿಂದ ಕಣ್ಣೆತ್ತಿ ದೂರ ನೋಡಿ, ಅದಕ್ಕೆ ದುಡ್ಡು ಬೇಡ.

ಚಾಳೀಸಿನವರಿಗೆ ಮೂರು ದಾರಿಗಳಿವೆ. ಓದಲು ಬೇರೆ ಕನ್ನಡಕ, ಕೆಳಗೆ ಗೆರೆ ಕಾಣುವ ಬೈಫೋಕಲ್, ಗೆರೆಯಿಲ್ಲದ ಪ್ರೊಗ್ರೆಸಿವ್. ಅಮ್ಮನಿಗೆ ಬೈಫೋಕಲ್ ರೂಢಿ. ಫ್ರೇಮ್ 900, ಲೆನ್ಸ್ 1,100, ತೆರಿಗೆ ಸೇರಿ 2,100 ರೂಪಾಯಿಗೆ ಮುಗಿಯಿತು. ನನಗೆ ಎದುರಿನ ಗ್ರಾಹಕರ ಮುಖ, ಕಂಪ್ಯೂಟರ್, ಕೈಯಲ್ಲಿನ ಚೆಕ್ಕು ಮೂರೂ ಒಂದೇ ಕನ್ನಡಕದಲ್ಲಿ ಕಾಣಬೇಕಿತ್ತು. ಪ್ರೊಗ್ರೆಸಿವ್ ತಗೊಂಡೆ: ಫ್ರೇಮ್ 1,800, ಲೆನ್ಸ್ 6,500, ತೆರಿಗೆ ಸೇರಿ 8,715. ಕೇಳುವಾಗ ದೊಡ್ಡ ಮೊತ್ತ. ಮೂರು ವರ್ಷ ಬಾಳಿದರೆ ದಿನಕ್ಕೆ ಸುಮಾರು ಎಂಟು ರೂಪಾಯಿ. ಎದ್ದಾಗಿನಿಂದ ಮಲಗುವವರೆಗೆ ಮುಖದ ಮೇಲಿರುವ ವಸ್ತುವಿಗೆ ಇದು ದುಬಾರಿಯಲ್ಲ.

ಆದರೆ ಪ್ರೊಗ್ರೆಸಿವ್ ಬೆಲೆ ಬಾಳುವುದು ಅಳತೆ ಸರಿಯಿದ್ದರೆ ಮಾತ್ರ. ಎರಡು ಪಾಪೆಗಳ ನಡುವಿನ ಅಂತರ, ಅಂದರೆ ಪಿಡಿ, ಮಿಲಿಮೀಟರ್ ಲೆಕ್ಕದ್ದು. ನಮ್ಮ ಅಂಗಡಿಯವರು ಫ್ರೇಮ್ ಮುಖಕ್ಕಿಟ್ಟು, ಎದುರು ಕೂತು, ನನ್ನ ಪಾಪೆ ಎಲ್ಲಿ ಬರುತ್ತದೆ ಎಂದು ಪೆನ್ನಿನಲ್ಲಿ ಚುಕ್ಕೆ ಇಟ್ಟರು. ಆ ಚುಕ್ಕೆ ತಪ್ಪಿದರೆ ಎಷ್ಟು ಬೆಲೆಯ ಲೆನ್ಸ್ ಆದರೂ ತಲೆನೋವೇ. ನಂಬರ್ ಸಣ್ಣದಿದ್ದು ಒಂದೇ ದೂರಕ್ಕೆ ಬೇಕಾದ ಕನ್ನಡಕವನ್ನು ಆನ್‌ಲೈನಿನಲ್ಲಿ ತರಿಸಿದರೆ ತೊಂದರೆಯಿಲ್ಲ, ಹಣವೂ ಉಳಿಯಬಹುದು. ಪ್ರೊಗ್ರೆಸಿವ್, ಹೆಚ್ಚಿನ ನಂಬರ್, ಮಕ್ಕಳ ಕನ್ನಡಕ, ಇವಕ್ಕೆ ಎದುರು ಕೂತು ಅಳೆಯುವವರೇ ಬೇಕು. ಆಮೇಲೆ ಸ್ಕ್ರೂ ಸಡಿಲಾದರೆ, ಕಿವಿಯ ಹಿಂದೆ ಒತ್ತಿದರೆ, ಮೂಗಿನ ಪ್ಯಾಡ್ ಹಳದಿಯಾದರೆ ಹೋಗಿ ನಿಂತರೆ ಸಾಕು, ಬಿಸಿ ಮಾಡಿ ಕಡ್ಡಿ ಬಗ್ಗಿಸಿ ಕೊಡುತ್ತಾರೆ. ಈ ಸೇವೆಗೆ ಬಿಲ್ಲಿನಲ್ಲಿ ಸಾಲು ಇರುವುದಿಲ್ಲ, ಬೆಲೆಯೊಳಗೆ ಅದು ಸೇರಿರುತ್ತದೆ.

ಫ್ರೇಮ್ ಕೊನೆಗೆ. ಹಳೆಯ ಫ್ರೇಮ್ ಹಿತವಾಗಿದ್ದರೆ ಅದರ ಕಡ್ಡಿಯ ಒಳಮೈ ನೋಡಿ. 52, 18, 140 ಎಂಬಂಥ ಮೂರು ಅಂಕಿಗಳಿರುತ್ತವೆ: ಲೆನ್ಸಿನ ಅಗಲ, ಮೂಗಿನ ಮೇಲಿನ ಸೇತುವೆ, ಕಡ್ಡಿಯ ಉದ್ದ, ಎಲ್ಲ ಮಿಲಿಮೀಟರಿನಲ್ಲಿ. ಹೊಸದು ಅದಕ್ಕೆ ಹತ್ತಿರವಿರಲಿ. ಫ್ರೇಮ್ ಗಟ್ಟಿಯಿದ್ದರೆ ಹೊಸ ಲೆನ್ಸ್ ಮಾತ್ರ ಹಾಕಿಸಬಹುದು.

ಬಿಲ್ಲನ್ನು ಬಿಡಿಸಿ ಬರೆಸಿಕೊಳ್ಳಿ: ಫ್ರೇಮಿಗೆ ಎಷ್ಟು, ಲೆನ್ಸಿಗೆ ಎಷ್ಟು, ಲೇಪನಕ್ಕೆ ಎಷ್ಟು. 'ಫ್ರೇಮ್ ಫ್ರೀ' ಎನ್ನುವ ಕಡೆ ಅದರ ಬೆಲೆ ಎಲ್ಲಿ ಸೇರಿದೆ ಎಂದು ಆಗ ತಿಳಿಯುತ್ತದೆ. 2025ರ ಸೆಪ್ಟೆಂಬರ್ 22ರಿಂದ ದೃಷ್ಟಿ ಸರಿಪಡಿಸುವ ಕನ್ನಡಕದ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದನ್ನೂ ಗಮನಿಸಿ. ನಂಬರ್ ಚೀಟಿ ಕೇಳಿ ಪಡೆದು ಫೋನಿನಲ್ಲಿ ಫೋಟೊ ಇಟ್ಟುಕೊಳ್ಳಿ. ಅಮ್ಮನ ಹಳೆಯ ಚೀಟಿ ಇಲ್ಲದಿದ್ದರೆ ಅವತ್ತು ಹೋಲಿಸಲು ಏನೂ ಇರುತ್ತಿರಲಿಲ್ಲ. ಆರೋಗ್ಯ ವಿಮೆಯನ್ನು ಇದಕ್ಕೆ ನೆಚ್ಚಿಕೊಳ್ಳಬೇಡಿ. ಸಾಮಾನ್ಯ ಪಾಲಿಸಿಗಳು ಕನ್ನಡಕದ ಖರ್ಚು ಕೊಡುವುದಿಲ್ಲ. 7.5 ಡಯಾಪ್ಟರ್‌ಗಿಂತ ಕಡಿಮೆ ನಂಬರಿನ ಲೇಸರ್ ಚಿಕಿತ್ಸೆಯನ್ನೂ ಹೊರಗಿಡುತ್ತವೆ. ಪೊರೆಯ ಶಸ್ತ್ರಚಿಕಿತ್ಸೆಗೆ ಕೊಡುತ್ತವೆ, ಆದರೆ ಸಾಮಾನ್ಯವಾಗಿ ಎರಡು ವರ್ಷ ಕಾಯಬೇಕು.

ಕನ್ನಡಕ ಖರ್ಚಲ್ಲ, ದುಡಿಮೆಯ ಬಂಡವಾಳ. ಇದು ನನ್ನ ಭಾವನೆಯಷ್ಟೇ ಅಲ್ಲ. 2018ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಸ್ಸಾಮಿನ ಚಹಾ ತೋಟಗಳ, ನಲವತ್ತು ದಾಟಿದ 751 ಕಾರ್ಮಿಕರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹತ್ತಿರ ನೋಡುವ ಕನ್ನಡಕ ಕೊಟ್ಟರು. ಕನ್ನಡಕ ಸಿಕ್ಕವರು ಕಿತ್ತ ಎಲೆಯ ಪ್ರಮಾಣದ ಏರಿಕೆ, ಸಿಗದವರಿಗಿಂತ ಸುಮಾರು ಶೇ 22ರಷ್ಟು ಹೆಚ್ಚಿತ್ತು. ಇದನ್ನು ಓದಿದಾಗ ನನಗೆ ನೆನಪಾದವರು ನಮ್ಮ ಮಲೆನಾಡಿನ ಅಡಿಕೆ ಸುಲಿಯುವ ಹೆಂಗಸರು. ಕೊಯ್ಲಿನ ಕಾಲದಲ್ಲಿ ರಾತ್ರಿ ಹೊತ್ತೇರುವವರೆಗೂ ಮೆಟ್ಟುಗತ್ತಿಯ ಮುಂದೆ ಕೂರುತ್ತಾರೆ, ಸುಲಿದಷ್ಟಕ್ಕೆ ಕೂಲಿ. ಕಣ್ಣು ಮಂದವಾದರೆ ಕೂಲಿಯೂ ಇಳಿಯುತ್ತದೆ, ಬೆರಳಿಗೂ ಅಪಾಯ. ಅವರಿಗೆ ಬೇಕಾದದ್ದು ಕೆಲವು ನೂರು ರೂಪಾಯಿಯ ಕನ್ನಡಕ. ಉಚಿತ ತಪಾಸಣೆ, ಉಚಿತ ಕನ್ನಡಕಕ್ಕೆಂದೇ ರಾಜ್ಯ ಸರ್ಕಾರದ 'ಆಶಾಕಿರಣ' ಯೋಜನೆ ಇದೆ. ಆಶಾ ಕಾರ್ಯಕರ್ತೆಯರನ್ನು ಕೇಳಿದರೆ ದಾರಿ ತೋರಿಸುತ್ತಾರೆ.

ಈಗ ನನ್ನ ಖರ್ಚಿನ ಪುಸ್ತಕದಲ್ಲಿ 'ಕಣ್ಣು' ಎಂಬ ಸಾಲು ಇದೆ. ತಿಂಗಳಿಗೆ 500 ರೂಪಾಯಿ, ವರ್ಷಕ್ಕೆ 6,000. ನನ್ನ ಕನ್ನಡಕದ ವಾರ್ಷಿಕ ಪಾಲು, ಎರಡು ವರ್ಷಕ್ಕೊಮ್ಮೆ ಬರುವ ಅಮ್ಮನದು, ಇಬ್ಬರ ತಪಾಸಣೆ, ಎಲ್ಲವೂ ಅದರಲ್ಲಿ ನಡೆಯುತ್ತದೆ. ನಿಮ್ಮ ಮನೆಯಲ್ಲೂ ಇಂಥ ಒಂದು ಸಾಲು ಶುರುಮಾಡಿ. ವರ್ಷದ ಕೊನೆಗೆ ಅದರಲ್ಲಿ ಏನಾದರೂ ಉಳಿದರೆ ಇನ್ನೊಂದು ಫ್ರೇಮ್ ಕೊಳ್ಳಬೇಡಿ. ಸೂಜಿಗೆ ದಾರ ಪೋಣಿಸಲು ಮೊಮ್ಮಗಳನ್ನು ಕರೆಯುವ ಪಕ್ಕದ ಮನೆಯವರನ್ನೋ, ನಿಮ್ಮ ತೋಟದ ಕೆಲಸಕ್ಕೆ ಬರುವವರನ್ನೋ ಕರೆದುಕೊಂಡು ಹೋಗಿ ಕಣ್ಣು ತೋರಿಸಿ, ಬೇಕಿದ್ದರೆ ಕನ್ನಡಕ ಕೊಡಿಸಿ. ಇಷ್ಟು ಕಡಿಮೆ ಹಣಕ್ಕೆ ಇಷ್ಟು ಪ್ರತಿಫಲ ಕೊಡುವ ಇನ್ನೊಂದು ಹೂಡಿಕೆ ನನಗೆ ಗೊತ್ತಿಲ್ಲ.