ಕುಂಟುವ ರಾಸಿಗೆ ಶಸ್ತ್ರಚಿಕಿತ್ಸೆ ಯಾವಾಗ ಬೇಕು?



ಮಳೆ ಹಿಡಿಯಿತೆಂದರೆ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳಲ್ಲಿ ಕಾಲು ಪೆಟ್ಟಾದ ರಾಸುಗಳು ಹೆಚ್ಚು. ಪಾಚಿಗಟ್ಟಿದ ಚಿರೆಕಲ್ಲಿನ ಮೇಲೆ ಜಾರುವುದು, ಅಡಿಕೆ ತೋಟದ ಬಸಿಗಾಲುವೆಯಲ್ಲಿ ಕಾಲು ಸಿಕ್ಕಿಕೊಳ್ಳುವುದು, ರಾತ್ರಿ ಹೆದ್ದಾರಿಯ ಮೇಲೆ ಮಲಗಿದ ದನಕ್ಕೆ ಲಾರಿ ಬಡಿಯುವುದು ಇವೆಲ್ಲ ನಮಗೆ ಹೊಸದಲ್ಲ. ಆಗ ನೀವು ಕೇಳುವ ಮೊದಲ ಪ್ರಶ್ನೆ, "ಡಾಕ್ಟ್ರೇ, ಆಪರೇಷನ್ ಬೇಕಾಗ್ತದಾ?"

ಬಹುಪಾಲು ಬೇಕಾಗುವುದಿಲ್ಲ. ಹಾಲಿನ ಹಸು ಕುಂಟಿದರೆ ದೋಷ ಹೆಚ್ಚಾಗಿ ಗೊರಸಿನಲ್ಲೇ ಇರುತ್ತದೆ. ಗೊರಸನ್ನು ತೊಳೆದು, ಸಂದಿಯಲ್ಲಿ ಕಲ್ಲು, ಮುಳ್ಳು, ಕೊಳೆತ ವಾಸನೆ ಇದೆಯೇ ಎಂದು ಮೊದಲು ನೋಡಿ. ಜ್ವರದ ಜೊತೆ ಕುಂಟು ಒಂದು ಕಾಲಿನಿಂದ ಇನ್ನೊಂದಕ್ಕೆ ಹೋಗುತ್ತಿದ್ದರೆ ಅದು ಮೂರು ದಿನದ ಜ್ವರವಿರಬಹುದು. ಕರು ಹಾಕಿದ ಎರಡು ಮೂರು ದಿನದೊಳಗೆ ಹಸು ಏಳದೆ, ಕಿವಿ ತಣ್ಣಗಾಗಿ, ಕತ್ತನ್ನು ಪಕ್ಕೆಗೆ ತಿರುಗಿಸಿ ಮಲಗಿದರೆ ಕ್ಯಾಲ್ಸಿಯಂ ಕೊರತೆಯ ಹಾಲುಜ್ವರವೆಂದು ಮೊದಲು ಶಂಕಿಸಿ. ಕೊಬ್ಬಿದ ಎಳೆ ರಾಸಿನ ತೊಡೆ ಊದಿ, ಒತ್ತಿದರೆ ಚರಚರ ಸದ್ದು ಬಂದರೆ ಅದನ್ನು ಮೂಳೆಯ ಸದ್ದೆಂದು ತಿಳಿಯಬೇಡಿ. ಅದು ಚಪ್ಪೆ ರೋಗ. ಅಲ್ಲಿ ಕಟ್ಟು ಹಾಕುತ್ತ ಕುಳಿತರೆ ರಾಸು ಉಳಿಯುವುದಿಲ್ಲ.

ಮೂಳೆ ಮುರಿದಾಗ ಲಕ್ಷಣ ಬೇರೆ. ರಾಸು ಇದ್ದಕ್ಕಿದ್ದಂತೆ ಆ ಕಾಲನ್ನು ನೆಲಕ್ಕೆ ಊರುವುದೇ ಇಲ್ಲ. ಕೀಲು ಇಲ್ಲದ ಜಾಗದಲ್ಲಿ ಕಾಲು ಬಾಗುತ್ತದೆ ಇಲ್ಲವೇ ಜೋತಾಡುತ್ತದೆ. ಖಾತ್ರಿ ಮಾಡಿಕೊಳ್ಳಲೆಂದು ಮತ್ತೆ ಮತ್ತೆ ಅಲುಗಾಡಿಸಬೇಡಿ. ಚೂಪಾದ ತುದಿ ಚರ್ಮವನ್ನು ಒಳಗಿನಿಂದ ಸೀಳಿಬಿಡುತ್ತದೆ.

ಮುಂಗಾಲಿನ ಮಂಡಿಗಿಂತ ಕೆಳಗಿನ ಮೂಳೆ ಮುರಿದು ಚರ್ಮ ಹರಿಯದಿದ್ದರೆ ಸಾಮಾನ್ಯವಾಗಿ ಪ್ಲಾಸ್ಟರ್ ಸಾಕು. ಹಿಂಗಾಲಿನ ಕೆಳಭಾಗಕ್ಕೂ ಇದೇ ಮಾತು. ಹೆರಿಗೆ ಕಷ್ಟವಾದಾಗ ಹಗ್ಗ ಕಟ್ಟಿ ಜೋರಾಗಿ ಎಳೆದು ಕರುವಿನ ಕಾಲು ಮುರಿಯುವುದು ಇಲ್ಲಿಯೇ. ಎಳೆಗರುವಿನಲ್ಲಿ 4ರಿಂದ 6 ವಾರಗಳಲ್ಲಿ ಮೂಳೆ ಕೂಡಿಕೊಳ್ಳುತ್ತದೆ. ತೊಡೆಯ ಮೂಳೆ, ಭುಜದ ಕೆಳಗಿನ ಮೂಳೆ ಮುರಿದರೆ ಮಾತು ಬೇರೆ. ಪ್ಲಾಸ್ಟರ್ ಹಿಡಿಯಬೇಕಾದರೆ ಮುರಿದ ಜಾಗದ ಮೇಲಿನ ಕೀಲು, ಕೆಳಗಿನ ಕೀಲು ಎರಡನ್ನೂ ಬಿಗಿಯಬೇಕು. ತೊಡೆಯ ಮೇಲಿನ ಕೀಲನ್ನು ಬಿಗಿಯುವುದು ಹೇಗೆ? ಅಲ್ಲಿ ಒಳಗೆ ಉಕ್ಕಿನ ಸರಳು ಅಥವಾ ಪಟ್ಟಿ ಕೂರಿಸುವ ಶಸ್ತ್ರಚಿಕಿತ್ಸೆಯೇ ದಾರಿ. ಕರುವಿಗೆ, ಹಗುರ ಮೈಯ ಮಲೆನಾಡು ಗಿಡ್ಡಕ್ಕೆ ಇದು ಫಲ ಕೊಡುವ ಸಾಧ್ಯತೆ ಹೆಚ್ಚು. 400 ಕಿಲೋ ತೂಗುವ ಮಿಶ್ರತಳಿ ಹಸುವಿನಲ್ಲಿ ಸರಳು ಭಾರ ತಡೆಯುವುದು ಕಷ್ಟ. ಖರ್ಚಿಗೆ ಒಪ್ಪುವ ಮೊದಲು ವೈದ್ಯರಲ್ಲಿ ಗುಣವಾಗುವ ಸಾಧ್ಯತೆಯನ್ನು ನೇರವಾಗಿ ಕೇಳಿ. ಕೇಳುವುದು ನಿಮ್ಮ ಹಕ್ಕು. ಅದರಿಂದ ಯಾವ ಒಳ್ಳೆಯ ವೈದ್ಯರೂ ಬೇಸರಪಡುವುದಿಲ್ಲ.

ಮೂಳೆ ಚರ್ಮ ಹರಿದು ಹೊರಬಂದಿದ್ದರೆ ಮರುದಿನದವರೆಗೆ ಕಾಯಬಾರದು. ಶುದ್ಧ ನೀರಿನಿಂದ ತೊಳೆದು ಶುಭ್ರ ಬಟ್ಟೆ ಮುಚ್ಚಿ. ಸೊಪ್ಪು, ಸೆಗಣಿ ಮೆತ್ತಬೇಡಿ. ವೈದ್ಯರು ಬರುವವರೆಗೆ ಹತ್ತಿ ಅಥವಾ ಹಳೆ ಸೀರೆ ಸುತ್ತಿ, ಅದರ ಮೇಲೆ ಅಡಿಕೆ ದಬ್ಬೆ ಇಟ್ಟು ಕಟ್ಟಬಹುದು. ದಬ್ಬೆ ಮುರಿದ ಜಾಗದಲ್ಲೇ ಮುಗಿಯಬಾರದು, ಮೇಲಿನ ಕೀಲನ್ನೂ ದಾಟಿರಬೇಕು. ಕಟ್ಟು ತೀರಾ ಬಿಗಿಯಾದರೆ ಕೆಳಗಿನ ಕಾಲು ತಣ್ಣಗಾಗಿ ಕೊಳೆಯುತ್ತದೆ. ಮೂಳೆ ಕೂಡಿದರೂ ಆಗ ಕಾಲು ದಕ್ಕುವುದಿಲ್ಲ.

ನೀವು ಹೆದರಿ ಹಸುವನ್ನೇ ಮಾರಿಬಿಡುವ ಒಂದು ತೊಂದರೆ ಇದೆ. ಮಲಗಿದ್ದ ರಾಸು ಎದ್ದು ಮೊದಲ ಹೆಜ್ಜೆ ಇಡುವಾಗ ಒಂದು ಹಿಂಗಾಲು ಕೋಲಿನಂತೆ ಹಿಂದಕ್ಕೆ ಸೆಟೆದು ನಿಲ್ಲುತ್ತದೆ, ಗೊರಸಿನ ತುದಿ ನೆಲ ಗೀಚುತ್ತದೆ, ಸ್ವಲ್ಪ ದೂರ ಎಳೆದ ಮೇಲೆ ಝಟ್ಟನೆ ಬಿಡಿಸಿಕೊಂಡು ಮಾಮೂಲಿನಂತೆ ನಡೆಯುತ್ತದೆ. ಜ್ವರವಿಲ್ಲ, ಬಾವು ಇಲ್ಲ. ಕೆಲವರು ಇದನ್ನು ವಾತವೆಂದು ಬರೆ ಹಾಕಿಸುತ್ತಾರೆ. ನಿಜವಾಗಿ ಕೆಚ್ಚಲಿನ ಮಟ್ಟದ ಕೀಲಿನ ಚಿಪ್ಪು ಮೇಲೆ ಸಿಕ್ಕಿಕೊಂಡಿರುತ್ತದೆ. ಮುಲಾಮಿನಿಂದಾಗಲಿ ಬರೆಯಿಂದಾಗಲಿ ಇದು ಸರಿಯಾಗದು. ಪದೇ ಪದೇ ಆಗುತ್ತಿದ್ದರೆ ಜಾಗ ಮರಗಟ್ಟಿಸಿ, ಚಿಪ್ಪಿನ ಒಳಬದಿಯ ಒಂದು ಕಟ್ಟುನಾರನ್ನು ಕತ್ತರಿಸಿದರೆ ಆಯಿತು. ಕೆಲವೇ ನಿಮಿಷದ ಕೆಲಸ, ತಾಲ್ಲೂಕು ಪಶು ಆಸ್ಪತ್ರೆಯಲ್ಲೇ ಮಾಡುವಂಥದ್ದು. ಹೆಚ್ಚಿನ ರಾಸುಗಳು ಆಗಲೇ ಸರಿಯಾಗಿ ಹೆಜ್ಜೆ ಇಡುತ್ತವೆ.

ತೊಡೆಕೀಲು ತಪ್ಪಿದರೆ ಮಾತ್ರ ಗಂಟೆ ಎಣಿಸಬೇಕು. ಒಂದು ದಿನದೊಳಗೆ ಎಳೆದು ಕೂರಿಸುವುದು ಸುಲಭ. ದಿನ ಕಳೆದಂತೆ ಸ್ನಾಯು ಬಿಗಿದು ಅಸಾಧ್ಯವಾಗುತ್ತದೆ.

ನೋವಿಗೆಂದು ಮನುಷ್ಯರ ಮಾತ್ರೆ ಕೊಡಬೇಡಿ. ರಣಹದ್ದುಗಳ ಸಾವಿನ ಕಾರಣ ಜಾನುವಾರುಗಳಿಗೆ ಡೈಕ್ಲೊಫೆನಾಕ್ ಬಳಕೆಯನ್ನು 2006ರಲ್ಲೇ ನಿಷೇಧಿಸಲಾಗಿದೆ. ಆಪರೇಷನ್ ನಂತರ ಆ್ಯಂಟಿಬಯೋಟಿಕ್ ಕೊಟ್ಟ ಹಸುವಿನ ಹಾಲನ್ನು ವೈದ್ಯರು ಹೇಳಿದ ದಿನ ಮುಗಿಯುವವರೆಗೆ ಸಂಘಕ್ಕೆ ಹಾಕತಕ್ಕದ್ದಲ್ಲ. ಕೊಟ್ಟಿಗೆಗೆ ದರಕು ದಪ್ಪನಾಗಿ ಹಾಸಿ, ದಿನವೂ ಬದಲಿಸಿ. ಹಸಿ ನೆಲದಲ್ಲಿ ಪ್ಲಾಸ್ಟರ್ ನೆನೆದು ಮೆತ್ತಗಾಗುತ್ತದೆ.

1962ಕ್ಕೆ ಅಥವಾ ನಿಮ್ಮ ಪಶು ಆಸ್ಪತ್ರೆಗೆ ಫೋನ್ ಮಾಡುವಾಗ ರಾಸಿನ ವಯಸ್ಸು, ಗಬ್ಬವಿದೆಯೇ, ಯಾವ ಕಾಲು, ಪೆಟ್ಟಾಗಿ ಎಷ್ಟು ಹೊತ್ತಾಯಿತು, ಚರ್ಮ ಹರಿದಿದೆಯೇ ಎಂಬುದನ್ನು ಮೊದಲೇ ತಿಳಿಸಿ. ಅದರಂತೆ ವೈದ್ಯರು ಸಾಮಾನು ಹಿಡಿದು ಬರುತ್ತಾರೆ.