ಚೀಲ ಬಿಚ್ಚಿ, ಮೂಸಿ ನೋಡಿ
ಮುಂಬೈನ ಆರೆ ಕಾಲೊನಿಯಲ್ಲಿ 1949ರಿಂದ ಎಮ್ಮೆಗಳಿವೆ, ಜೋಗೇಶ್ವರಿಯ ತಬೇಲಾಗಳಲ್ಲೂ ಇವೆ. ಹಸಿಮೇವು ಬೇಕಾದಷ್ಟು ಸಿಗದ ಈ ಊರಲ್ಲಿ ಒಣಹುಲ್ಲು ತರಿಸಲೋ, ರಸಮೇವು (ಸೈಲೇಜ್) ತರಿಸಲೋ ಎಂದು ಯೋಚಿಸುತ್ತಿದ್ದೀರಾ? ಕಿಲೋ ದರವೊಂದನ್ನೇ ನೋಡಿ ಮೋಸಹೋಗಬೇಡಿ. 100 ಕಿಲೋ ರಸಮೇವಿನಲ್ಲಿ 65-70 ಕಿಲೋ ಬರೀ ನೀರು. ಭತ್ತದ ಹುಲ್ಲಿನಲ್ಲಿ ಸುಮಾರು 10. ಹಾಗೆಂದು ಹುಲ್ಲೇ ಲಾಭ ಅನ್ನಬೇಡಿ. ಅದರಲ್ಲಿ ಪ್ರೋಟೀನು ಶೇ. 3-4 ಮಾತ್ರ; ಹೊಟ್ಟೆ ತುಂಬುತ್ತದೆ, ಹಾಲಿನ ಪಾತ್ರೆ ತುಂಬದು. ಇಲ್ಲಿಯವರು ಕಡಬಾ ಎನ್ನುವ ಜೋಳದ ಕಣಿಕೆ ಅದಕ್ಕಿಂತ ವಾಸಿ. ಕತ್ತರಿಸಿ ಹಾಕಿ, ಇಲ್ಲದಿದ್ದರೆ ದಂಟು ಗೋದಲಿಯಲ್ಲೇ ಉಳಿಯುತ್ತದೆ.

ಮಳೆಗಾಲಕ್ಕಾದರೆ ನನ್ನ ಒಲವು ರಸಮೇವಿಗೇ. ಜುಲೈ ತೇವಕ್ಕೆ ಹುಲ್ಲಿನ ಕಟ್ಟು ಒಳಗೊಳಗೇ ಬಿಸಿಯಾಗಿ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದಂತೆ ಬಿಗಿದ ರಸಮೇವಿಗೆ ಆ ಭಯ ಕಡಿಮೆ. ಬಿಚ್ಚಿದ ಮೇಲೆ ಮಾತ್ರ ಎರಡು ಮೂರು ದಿನದಲ್ಲಿ ಮುಗಿಸಿಬಿಡಿ. ಒಂದು ಹಿಡಿ ತೆಗೆದು ಮೂಸಿ: ಹುದುಗಿದ ದೋಸೆ ಹಿಟ್ಟಿನಂಥ ಹುಳಿವಾಸನೆ, ಹಳದಿಗೆ ತಿರುಗಿದ ಹಸಿರು ಇದ್ದರೆ ಸರಿ. ಕಪ್ಪಾಗಿ ಲೋಳೆಯಾಗಿದ್ದರೆ ಎಷ್ಟೇ ದುಡ್ಡು ಕೊಟ್ಟಿರಲಿ, ಎಸೆಯಿರಿ; ಗಬ್ಬದ ಎಮ್ಮೆಗಂತೂ ಬೇಡವೇ ಬೇಡ. ಒಳ್ಳೆಯದನ್ನೂ ಮೊದಲ ದಿನವೇ ಸುರಿಯದೆ, ಒಂದು ವಾರ ಹಳೇ ಮೇವಿನ ಜತೆ ಸ್ವಲ್ಪ ಸ್ವಲ್ಪವೇ ಬೆರೆಸಿ.