ಹೆಸರಿನ ಅಧಿಕಾರವನ್ನು ವಹಿಸಿಕೊಡುವ ಬಗೆ

ಗದಗ ಜಿಲ್ಲೆಯ ಲಕ್ಷ್ಮೇಶ್ವರವು ಹಿಂದೆ ಶಿರಹಟ್ಟಿ ತಾಲ್ಲೂಕಿಗೆ ಸೇರಿದ್ದಿತು. 2017-18ರ ರಾಜ್ಯ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಅದೂ ಒಂದು. ತಾಲ್ಲೂಕು ಬೇರೆಯಾದ ಮೇಲೆ ಲಕ್ಷ್ಮೇಶ್ವರದ ಹಳ್ಳಿಯೊಂದರ ಕಂದಾಯದ ವಿಷಯವನ್ನು ಶಿರಹಟ್ಟಿಯಲ್ಲಿ ವಿಚಾರಿಸಿದರೆ, ‘ಲಕ್ಷ್ಮೇಶ್ವರದ ಕಚೇರಿಯಲ್ಲಿ ಕೇಳಿರಿ’ ಎಂದು ಹೇಳುವುದೇ ಸರಿಯಾದ ಉತ್ತರ. ಹಳೆಯ ಕಚೇರಿಗೆ ತಿಳಿದಿರಬೇಕಾದುದು ಹೊಸ ಕಚೇರಿ ಎಲ್ಲಿದೆ ಎಂಬುದಷ್ಟೆ. ಅಂತರಜಾಲದಲ್ಲಿ ಹೆಸರುಗಳ ಅಧಿಕಾರವನ್ನು ವಹಿಸಿಕೊಡುವುದೂ ಹೆಚ್ಚು ಕಡಮೆ ಹೀಗೆಯೇ. ಅದು ಹೇಗೆಂಬುದನ್ನು ಈಗ ನೋಡೋಣ.

ಅಂತರಜಾಲದ ಗಣಕಯಂತ್ರಗಳು ಒಂದನ್ನೊಂದು ಗುರುತಿಸುವುದು ಅಂಕಿಗಳಿಂದ. ನಮ್ಮ ನೆನಪಿನಲ್ಲಿ ನಿಲ್ಲುವುದು ಹೆಸರು. ಮೊದಮೊದಲು ಇವೆರಡನ್ನೂ ಜೋಡಿಸುವ ಪಟ್ಟಿ ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ ಒಂದೇ ಕಡತವಾಗಿದ್ದಿತು. ಎಲ್ಲರೂ ಅದರ ಪ್ರತಿಯನ್ನು ತರಿಸಿಕೊಳ್ಳಬೇಕಾಗಿತ್ತು. ಯಂತ್ರಗಳು ಹೆಚ್ಚಿದಂತೆ ಈ ಕ್ರಮ ಸಾಗದಾಯಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬವರು, ಹೆಸರುಗಳನ್ನು ಮರದಂತೆ ಕವಲೊಡೆಯಿಸಿ ಒಂದೊಂದು ಕೊಂಬೆಯನ್ನು ಒಬ್ಬೊಬ್ಬರಿಗೆ ವಹಿಸುವ ಏರ್ಪಾಡನ್ನು ರೂಪಿಸಿದರು. ಇದೇ ಡಿ.ಎನ್.ಎಸ್.

ಗದಗ ಜಿಲ್ಲೆಯ ಜಾಲತಾಣದ ಹೆಸರು ‘ಗದಗ್.ಎನ್‌ಐಸಿ.ಇನ್’. ಇದನ್ನು ಬಲದಿಂದ ಎಡಕ್ಕೆ ಓದಬೇಕು. ಮರದ ಬೇರಿನಲ್ಲಿರುವ ಸರ್ವರುಗಳಿಗೆ ಒಟ್ಟು 13 ಹೆಸರುಗಳಿವೆ. ಅವುಗಳಲ್ಲಿ ಒಂದನ್ನು ಕೇಳಿದರೆ ಅದು ‘ಇನ್’ನ ಸರ್ವರುಗಳ ಕಡೆಗೆ ಬೆರಳು ತೋರುತ್ತದೆ, ಅವು ‘ಎನ್‌ಐಸಿ’ಯ ಸರ್ವರುಗಳನ್ನು ತೋರುತ್ತವೆ. ಬೇರಿನ ಸರ್ವರಿಗೆ ಗದಗಿನ ವಿಷಯ ಏನೂ ತಿಳಿದಿಲ್ಲ; ತಿಳಿಯಬೇಕಾದುದೂ ಇಲ್ಲ.

ಈಗ ಮುಂಡರಗಿಯಲ್ಲಿ ಒಂದು ಕಾಲೇಜನ್ನು ಕಲ್ಪಿಸಿಕೊಳ್ಳೋಣ. ಅದಕ್ಕೆ ಅಂತರಜಾಲದ ಸಂಪರ್ಕ ಕೊಟ್ಟ ಕಂಪನಿಯು ತನ್ನ ಹೆಸರಿನ ಕೆಳಗೆ ‘ಮುಂಡರಗಿ’ ಎಂಬ ಕೊಂಬೆಯನ್ನೂ ಕೊಟ್ಟಿದೆ. ದಾಖಲೆಗಳೆಲ್ಲ ಕಂಪನಿಯ ಸರ್ವರಿನಲ್ಲಿವೆ. ಗ್ರಂಥಾಲಯಕ್ಕೆ ಒಂದು ಹೆಸರು ಬೇಕಾದರೂ ಕಾಲೇಜು ಕಂಪನಿಗೆ ಬರೆದು ಕಾಯಬೇಕು. ಆದುದರಿಂದ ಕಾಲೇಜು ತನ್ನದೇ ಸರ್ವರನ್ನು ನಿಲ್ಲಿಸಲು ನಿಶ್ಚಯಿಸುತ್ತದೆ.

ಆಗ ಕಂಪನಿಯು ಬರೆಯತಕ್ಕ ದಾಖಲೆಗಳು ಎರಡು ಬಗೆಯವು. ಮೊದಲನೆಯದು ಎನ್.ಎಸ್. ದಾಖಲೆ: ‘ಈ ಕೊಂಬೆಯ ವಿಷಯವನ್ನು ಇಂತಹ ಹೆಸರಿನ ಸರ್ವರಿನಲ್ಲಿ ಕೇಳಿರಿ’ ಎಂಬುದು. ಆದರೆ ಆ ಸರ್ವರಿನ ಹೆಸರೂ ಅದೇ ಕೊಂಬೆಯಲ್ಲಿದ್ದರೆ? ಲಕ್ಷ್ಮೇಶ್ವರದ ಕಚೇರಿ ಎಲ್ಲಿದೆ ಎಂದು ಕೇಳಿದವನಿಗೆ ‘ಆ ಕಚೇರಿಯಲ್ಲೇ ವಿಚಾರಿಸು’ ಎಂದಂತಾಗುತ್ತದೆ! ಆದುದರಿಂದ ಅದರ ಅಂಕಿಯ ವಿಳಾಸವನ್ನೂ ಜೊತೆಗೆ ಬರೆದಿಡಬೇಕು. ಇದಕ್ಕೆ ‘ಗ್ಲೂ’, ಅಂದರೆ ಅಂಟು, ಎಂದು ಹೆಸರು.

ಕೆಲಸದ ಕ್ರಮವೂ ಮುಖ್ಯ. ಮೊದಲು ಕಾಲೇಜಿನ ಸರ್ವರು ಎಲ್ಲ ಪ್ರಶ್ನೆಗಳಿಗೂ ಸರಿಯಾಗಿ ಉತ್ತರಿಸಬೇಕು. ಅನಂತರವೇ ಕಂಪನಿಯು ದಾರಿ ತಿರುಗಿಸಬೇಕು. ಹಳೆಯ ಉತ್ತರಗಳನ್ನು ಇತರ ಯಂತ್ರಗಳು ಗೊತ್ತಾದ ಅವಧಿಯವರೆಗೆ ನೆನಪಿಟ್ಟುಕೊಂಡಿರುತ್ತವೆ. ಆ ಅವಧಿ 86,400 ಸೆಕೆಂಡು ಎಂದಿದ್ದರೆ ಒಂದು ಪೂರ್ಣ ದಿನ ಕಾಯಬೇಕಾಗುತ್ತದೆ. ಸರ್ವರುಗಳು ಎರಡಾದರೂ ಇರಬೇಕು, ಅವು ಒಂದೇ ಕಟ್ಟಡದಲ್ಲಿರಬಾರದು. ಒಂದು ಮುಂಡರಗಿಯಲ್ಲಿದ್ದರೆ ಇನ್ನೊಂದು ಗದಗ-ಬೆಟಗೇರಿಯಲ್ಲೋ ಇನ್ನೂ ದೂರದಲ್ಲೋ ಇರಲಿ. ಒಂದೆಡೆ ವಿದ್ಯುತ್ತು ಹೋದರೂ ಹೆಸರು ಉಳಿಯುತ್ತದೆ.

ಅಂಕಿಯಿಂದ ಹೆಸರನ್ನು ತಿಳಿಯುವ ಹಿಮ್ಮುಖ ಹುಡುಕಾಟವೂ ಉಂಟು. ಅಂಚೆಯ ಸರ್ವರುಗಳು ಪತ್ರ ಕಳುಹಿಸಿದವರನ್ನು ಪರೀಕ್ಷಿಸುವಾಗ ಇದನ್ನು ಬಳಸುತ್ತವೆ. ಹೆಸರಿನಲ್ಲಿ ದೊಡ್ಡ ಭಾಗ ಬಲಕ್ಕೆ, ಅಂಕಿಯಲ್ಲಿ ಎಡಕ್ಕೆ ಇರುವುದರಿಂದ 192.0.2.25 ಎಂಬುದನ್ನು 25.2.0.192 ಎಂದು ತಿರುವಿ ಕೇಳಬೇಕು. ಅಂಕಿಗಳು ಕಂಪನಿಯ ಪಾಲಿನವಾದರೆ ಈ ಅಧಿಕಾರವನ್ನು ಕಂಪನಿಯೇ ವಹಿಸಿಕೊಡಬೇಕು. ಹೆಸರನ್ನು ಕೊಂಡ ಮಾತ್ರಕ್ಕೆ ಅದು ಬರುವುದಿಲ್ಲ. ಸಾಮಾನ್ಯವಾಗಿ 256 ಅಂಕಿಗಳ ಗುಂಪೇ ಇಲ್ಲಿ ಅತಿ ಚಿಕ್ಕ ಕೊಂಬೆ. ಕಾಲೇಜಿಗೆ ಎಂಟೇ ಅಂಕಿಗಳಿದ್ದರೆ, ಒಂದೊಂದಕ್ಕೂ ಅಡ್ಡಹೆಸರು ಕೊಟ್ಟು ಕಾಲೇಜಿನ ಸರ್ವರಿನ ಕಡೆಗೆ ತಿರುಗಿಸುವ ಉಪಾಯವನ್ನು 1998ರಲ್ಲಿ ಪ್ರಕಟಿಸಲಾಯಿತು.

ಕಂಪನಿ ಬೆರಳು ತೋರಿದ ಕಡೆ ಉತ್ತರ ಹೇಳುವವರೇ ಇಲ್ಲದಿದ್ದರೆ ಅದನ್ನು ಕುಂಟು ನಿಯೋಜನೆ ಎನ್ನಬಹುದು. ಪರೀಕ್ಷೆಯ ಫಲಿತಾಂಶ ಸಿದ್ಧವಿದ್ದರೂ ವಿದ್ಯಾರ್ಥಿಗೆ ಪುಟ ತೆರೆಯದು. ಇದಕ್ಕಿಂತ ಹೆಚ್ಚಿನ ಅಪಾಯವೂ ಉಂಟು. ಸರ್ವರಿನ ಹೆಸರು ಬೇರೊಂದು ಮರದ ಕೊಂಬೆಯದಾಗಿದ್ದು, ಅದರ ಅವಧಿ ತೀರಿ ಅನ್ಯರ ಕೈಸೇರಿದರೆ, ಅವರು ಕಾಲೇಜಿನ ಹೆಸರಿನಲ್ಲಿ ಸುಳ್ಳು ಉತ್ತರ ಕೊಡಬಲ್ಲರು. ಅಧಿಕಾರವನ್ನು ಪಡೆದವರು ಅದನ್ನು ಕಾಯುವ ಹೊಣೆಯನ್ನೂ ಹೊರಬೇಕು. ಕೊಟ್ಟವರು ಆಗಾಗ ವಿಚಾರಿಸಬೇಕು.

ಈ ಪಯಣವನ್ನು ವಿದ್ಯಾರ್ಥಿಗಳು ತಾವೇ ನೋಡಬಹುದು. ಲಿನಕ್ಸ್ ಗಣಕಯಂತ್ರದಲ್ಲಿ ‘ಡಿಗ್’ ಎಂಬ ಆಜ್ಞೆಗೆ ‘ಟ್ರೇಸ್’ ಎಂಬ ಆಯ್ಕೆಯನ್ನು ಸೇರಿಸಿ ತಮ್ಮ ಕಾಲೇಜಿನ ಹೆಸರನ್ನು ಕೊಟ್ಟರೆ, ಬೇರಿನಿಂದ ಕೊಂಬೆಯವರೆಗೆ ಯಾರು ಯಾರನ್ನು ತೋರಿಸಿದರೆಂಬುದು ಸಾಲು ಸಾಲಾಗಿ ಮೂಡುತ್ತದೆ. ಎಲ್ಲಿ ಬೆರಳು ತೋರುವುದು ನಿಂತು ಉತ್ತರ ಬರುತ್ತದೆಯೋ ಅಲ್ಲಿಯೇ ಆ ಹೆಸರಿನ ಅಧಿಕಾರವಿದೆಯೆಂದು ತಿಳಿಯಬೇಕು.